ಅರ್ಧ ಓದಿದ ದೂರು

ಯಂತ್ರಗಳ ವಿಷಯವು ಕಲಾ ವಿದ್ಯಾರ್ಥಿಗೆ ಸಲ್ಲತಕ್ಕದ್ದಲ್ಲವೆಂದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ. ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಆದರೆ ಇಂದಿನ ಯಂತ್ರವು ತನ್ನ ತೊಂದರೆಯನ್ನು ಸಂಕೇತದಲ್ಲಿ ಹೇಳುತ್ತದೆ. ಆ ಸಂಕೇತಕ್ಕೆ ಒಂದು ವ್ಯಾಕರಣವೂ ಇದೆ. ಅದನ್ನು ಅರ್ಧ ಓದಿ ಅರ್ಧ ಬಿಡುವುದರಿಂದ ನಮ್ಮ ಹಳ್ಳಿಗಳ ದುಡಿಮೆಗಾರರು ಹಣ ಕಳೆದುಕೊಳ್ಳುತ್ತಿದ್ದಾರೆ. ಮಾತಿನ ಮತ್ತು ಅರ್ಥದ ಪ್ರಶ್ನೆ ಎಲ್ಲಿದೆಯೋ ಅಲ್ಲಿ ನಮಗೂ ಕೆಲಸವುಂಟೆಂಬುದು ನನ್ನ ನಂಬಿಕೆ.

ಕಂಪಲಾಪುರದ ಕಡೆ ಮಣ್ಣು ಅಗೆಯುವ ಯಂತ್ರವನ್ನು ಕಾಣದ ಮಗುವಿಲ್ಲ. ಕೆರೆಯ ಹೂಳು, ಮನೆಯ ಪಾಯ, ಹೊಲದ ಬದು, ಎಲ್ಲಕ್ಕೂ ಅದೇ ಬರಬೇಕು. ಗಾಲಿಯದೆಲ್ಲ ಜೆಸಿಬಿ, ಸರಪಳಿಯದೆಲ್ಲ ಹಿಟಾಚಿ. ಕಂಪನಿಗಳ ಹೆಸರುಗಳು ನಮ್ಮ ಜನರ ಬಾಯಲ್ಲಿ ರೂಢನಾಮಗಳೇ ಆಗಿಬಿಟ್ಟಿವೆ. ಮೈಸೂರು–ಕುಶಾಲನಗರ ನಡುವಣ 92 ಕಿಲೋಮೀಟರಿನ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾಯಿತು. ಇಂಥ ಯಂತ್ರಗಳ ಅವಶ್ಯಕತೆ ಇನ್ನು ಹೆಚ್ಚುವುದೇ ಹೊರತು ಕಡಿಮೆಯಾಗದು. ಸಾಲ ಮಾಡಿ ಯಂತ್ರ ಕೊಂಡವನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾನೆ. ಯಂತ್ರ ನಿಂತ ದಿನ ಬಾಡಿಗೆ ನಿಲ್ಲುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ.

ಹಿಂದಿನ ಎಂಜಿನ್ನುಗಳನ್ನು ಮೆಕ್ಯಾನಿಕ್ಕರು ಕಿವಿಯಿಂದಲೂ ಹೊಗೆಯ ಬಣ್ಣದಿಂದಲೂ ಪರೀಕ್ಷಿಸುತ್ತಿದ್ದರು. ಈಗ ಕಾಲ ಬದಲಾಗಿದೆ. ಹೊಗೆಯ ಮಾಲಿನ್ಯವನ್ನು ತಡೆಯಲು ಭಾರತದಲ್ಲಿ ನಿರ್ಮಾಣ ಯಂತ್ರಗಳಿಗೆ ನಾಲ್ಕನೆಯ ಹಂತದ ನಿಯಮವು 2021ರ ಏಪ್ರಿಲ್‌ನಿಂದಲೂ, ಐದನೆಯ ಹಂತದ್ದು 2025ರ ಜನವರಿಯಿಂದಲೂ ಜಾರಿಗೆ ಬಂದವು. ಡೀಸೆಲ್ ಎಷ್ಟು, ಯಾವ ಕ್ಷಣದಲ್ಲಿ ಒಳಹೋಗಬೇಕೆಂಬುದನ್ನು ಈಗ ಒಂದು ವಿದ್ಯುನ್ಮಾನ ಪೆಟ್ಟಿಗೆಯು ನಿರ್ಣಯಿಸುತ್ತದೆ. ಅದಕ್ಕೆ ಕಣ್ಣು ಕಿವಿಗಳೆಂದರೆ ಸೆನ್ಸರುಗಳು. ಶಾಖ, ಒತ್ತಡ, ವೇಗಗಳನ್ನು ಅವು ವೋಲ್ಟುಗಳಾಗಿ ಮಾರ್ಪಡಿಸಿ ತಂತಿಯ ಮೂಲಕ ತಿಳಿಸುತ್ತವೆ. ಬಂದ ಸುದ್ದಿ ಸರಿಯಿಲ್ಲವೆನಿಸಿದರೆ ಪೆಟ್ಟಿಗೆಯು ದೀಪ ಬೆಳಗಿಸಿ ಒಂದು ಸಂಕೇತವನ್ನು ಬರೆದಿಡುತ್ತದೆ.

ಈ ಸಂಕೇತಗಳಿಗಾಗಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಜೆ 1939 ಎಂಬ ಅಂತರರಾಷ್ಟ್ರೀಯ ಪದ್ಧತಿ. ಕೆಲವು ಕಂಪನಿಗಳು ತಮ್ಮದೇ ಸಂಕೇತಗಳನ್ನೂ ತೋರಿಸುವುದುಂಟು. ಜೆ 1939ರ ದೂರಿನಲ್ಲಿ ಎರಡು ಸಂಖ್ಯೆಗಳು ಮುಖ್ಯ. ಮೊದಲನೆಯದು ಎಸ್‌ಪಿಎನ್, ಯಾವುದರ ವಿಷಯವೆಂದು ಅದು ಹೇಳುತ್ತದೆ. ಎರಡನೆಯದು ಎಫ್‌ಎಂಐ, ಅದಕ್ಕೆ ಏನಾಗಿದೆಯೆಂದು ಹೇಳುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಒಂದು ಕರ್ತೃಪದ, ಇನ್ನೊಂದು ಕ್ರಿಯಾಪದ. ಕ್ರಿಯಾಪದವಿಲ್ಲದೆ ವಾಕ್ಯಕ್ಕೆ ಅರ್ಥವೆಲ್ಲಿಯದು?

ಒಂದು ಉದಾಹರಣೆಯನ್ನು ನೋಡೋಣ. 110 ಎಂದರೆ ಎಂಜಿನ್ನನ್ನು ತಂಪಿಡುವ ನೀರಿನ ಶಾಖ. ಅದರ ಜೊತೆಗೆ 0 ಇದ್ದರೆ ನೀರು ನಿಜವಾಗಿಯೂ ಅಪಾಯದ ಮಟ್ಟಕ್ಕೆ ಕಾದಿದೆಯೆಂದು ಅರ್ಥ. ಕೂಡಲೇ ಕೆಲಸ ನಿಲ್ಲಿಸಿ, ಎಂಜಿನ್ ತಣಿದ ಮೇಲೆ ನೀರಿನ ಮಟ್ಟ, ಧೂಳು ತುಂಬಿದ ರೇಡಿಯೇಟರ್, ಸಡಿಲವಾದ ಫ್ಯಾನ್ ಬೆಲ್ಟುಗಳನ್ನು ನೋಡಬೇಕು. ಆದರೆ 110ರ ಜೊತೆಗೆ 4 ಇದ್ದರೆ ಅರ್ಥವೇ ಬೇರೆ. ಬರುತ್ತಿರುವ ವೋಲ್ಟೇಜು ಇರಬೇಕಾದುದಕ್ಕಿಂತ ಕೆಳಗಿದೆ. ಯಾವ ಎಂಜಿನ್ನಿನಲ್ಲಿಯೂ ಸಂಭವಿಸದಷ್ಟು ಶಾಖವನ್ನು ಅದು ಸೂಚಿಸುತ್ತಿದೆ. ಆದುದರಿಂದ ದೋಷವು ವಿದ್ಯುತ್ತಿನ ಹಾದಿಯಲ್ಲಿದೆಯೆಂದು ಪೆಟ್ಟಿಗೆಯ ತೀರ್ಮಾನ. 3 ಇದ್ದರೆ ವೋಲ್ಟೇಜು ಮೇಲೇರಿದೆ. ತಂತಿ ತುಂಡಾದರೂ, ಕನೆಕ್ಟರ್ ಬಿಟ್ಟುಕೊಂಡರೂ ಹೀಗಾಗುತ್ತದೆ. ಕರ್ತೃ ಒಂದೇ, ಕಥೆಗಳು ಮೂರು.

ಇಷ್ಟಾದರೂ ನಡೆಯುತ್ತಿರುವುದೇನು? ಮೊದಲ ಸಂಖ್ಯೆಯನ್ನು ನೋಡಿದೊಡನೆ ಹೊಸ ಸೆನ್ಸರ್ ತರಿಸುತ್ತಾರೆ. ಕಳೆದ ಬೇಸಗೆಯಲ್ಲಿ ನಮ್ಮ ಕಡೆ ಕೆರೆಯ ಹೂಳು ತೆಗೆಯುತ್ತಿದ್ದ ಯಂತ್ರವೊಂದಕ್ಕೆ ಹೀಗೆಯೇ ಆಯಿತು. 110–4 ಎಂದು ಬಂದಿತು; ಸೆನ್ಸರ್ ಬದಲಾಯಿಸಿದರು; ದೀಪ ಮತ್ತೆ ಹತ್ತಿತು. ಮೂರನೆಯ ದಿನ ತಿಳಿದುದು ಇಷ್ಟೇ: ತಂತಿಯೊಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಮೇಲಿನ ಹೊದಿಕೆ ಸವೆದು, ಕಬ್ಬಿಣವನ್ನು ಮುಟ್ಟುತ್ತಿತ್ತು. ಸೆನ್ಸರಿನ ಬೆಲೆಯೂ ಮೂರು ದಿನದ ಬಾಡಿಗೆಯೂ ಹೋದವು.

ಇದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ಎರಡು ತಂತಿಯ ಇಂಥ ಸೆನ್ಸರಾದರೆ, ಕೀ ಆರಿಸಿ ಕನೆಕ್ಟರನ್ನಷ್ಟೇ ಬಿಡಿಸಿ, ಪುನಃ ಕೀ ಹಾಕಿ ನೋಡಬೇಕು. 4 ಹೋಗಿ 3 ಬಂದರೆ ತಂತಿಯ ಹಾದಿ ಸರಿಯಾಗಿದೆ, ಸಂದೇಹ ಸೆನ್ಸರಿನ ಮೇಲೆ. 4 ಹಾಗೆಯೇ ಉಳಿದರೆ ಸೆನ್ಸರ್ ನಿರಪರಾಧಿ, ತಂತಿಯನ್ನು ಹುಡುಕಬೇಕು. ದೂರು ಕೊಟ್ಟವನನ್ನೇ ಅಪರಾಧಿಯೆಂದು ಹಿಡಿಯುವ ನ್ಯಾಯವು ಮನುಷ್ಯರಲ್ಲಿ ತಪ್ಪಾದರೆ ಯಂತ್ರದಲ್ಲಿಯೂ ತಪ್ಪೇ.

ಕೆಲಸವನ್ನು ತಜ್ಞರಿಗೆ ಬಿಡುವುದೇ ಮೇಲೆಂದು ಕೆಲವರು ಹೇಳಬಹುದು. ತಜ್ಞರನ್ನು ನಾನು ಅಲ್ಲಗಳೆಯುವುದಿಲ್ಲ. ಮಾಲಿನ್ಯ ತಡೆಯುವ ಸೆನ್ಸರುಗಳನ್ನು ವಂಚಿಸಿ ಯಂತ್ರ ಓಡಿಸುವ ಚಾತುರ್ಯವನ್ನಂತೂ ಸರ್ವಥಾ ಒಪ್ಪುವುದಿಲ್ಲ. ನಾನು ಕೇಳುವುದು ಓದುವ ಹಕ್ಕನ್ನು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ವಾಹನ ಮೊದಲಾದವುಗಳನ್ನು ಅದರ ವ್ಯಾಪ್ತಿಗೆ ತಂದಿತು. ಆದರೆ ಕೈಪಿಡಿಯು ಇಂಗ್ಲಿಷಿನಲ್ಲಿಯೇ ಉಳಿದರೆ, ಅದನ್ನರಿಯದ ಆಪರೇಟರನಿಗೆ ಹಕ್ಕಿನಿಂದ ಬಂದ ಭಾಗ್ಯವೇನು? 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ನಗರದಲ್ಲಿ ಬುಲ್‌ಡೋಜರುಗಳನ್ನೂ ನಮ್ಮ ಮೈಸೂರಿನಲ್ಲಿ ಗಣಿಯ ಭಾರಿ ಲಾರಿಗಳನ್ನೂ ತಯಾರಿಸುತ್ತದೆ. ಭಾರಿ ಯಂತ್ರಗಳನ್ನು ಕಟ್ಟಬಲ್ಲ ನಾಡಿನಲ್ಲಿ ಅವುಗಳ ದೂರನ್ನು ಕನ್ನಡದಲ್ಲಿ ಬರೆಯಲಾಗದೆಂದರೆ ನಂಬುವವರಾರು? ಬೆಳ್ಳಾವೆ ವೆಂಕಟನಾರಣಪ್ಪನವರು 1918ರ ಸುಮಾರಿಗೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರೆಂಬುದನ್ನು ನಾವು ಮರೆಯಬಾರದು.

ನಮ್ಮ ಕಾಲೇಜಿನಲ್ಲಿ ಮನೆಗೆ ಮೊದಲ ಪದವೀಧರರಾಗಲಿರುವವರು ಅನೇಕರಿದ್ದೇವೆ. ಬ್ಯಾಂಕಿನ ನೋಟೀಸು, ಪಹಣಿ, ಆಸ್ಪತ್ರೆಯ ಚೀಟಿ ಯಾವುದು ಬಂದರೂ ‘ಏನ್ ಬರ್ದಿದಾರೆ ನೋಡಪ್ಪ’ ಎಂದು ಹಿರಿಯರು ನಮ್ಮ ಕೈಗೆ ಕೊಡುತ್ತಾರೆ. ಯಂತ್ರವು ಬರೆದುಕೊಟ್ಟ ಚೀಟಿಯೂ ಅಂತಹುದೇ. ಎಫ್‌ಎಂಐಗೆ 0ಯಿಂದ 31ರವರೆಗೆ ಇರುವುದು 32 ಸ್ಥಾನಗಳು ಮಾತ್ರ. ನಿತ್ಯ ಬಳಕೆಯವು ಇನ್ನೂ ಕಡಿಮೆ. ಐಟಿಐ ಉಪಾಧ್ಯಾಯರು ಅರ್ಥವನ್ನು ತಿದ್ದಿಕೊಟ್ಟರೆ, ಕನ್ನಡ ವಿಭಾಗದ ಮಿತ್ರರು ನುಡಿಯನ್ನು ತಿದ್ದಿಕೊಟ್ಟರೆ, ಒಂದೇ ಹಾಳೆಯಲ್ಲಿ ಅದನ್ನು ಅಚ್ಚು ಹಾಕಿಸಿ ಪಿರಿಯಾಪಟ್ಟಣ, ಹುಣಸೂರುಗಳ ಗ್ಯಾರೇಜುಗಳ ಗೋಡೆಗೆ ಅಂಟಿಸಬಹುದು. ಮುಂದಿನ ವರ್ಷದ ವಿದ್ಯಾರ್ಥಿ ಸಂಘವು ಈ ಕೆಲಸವನ್ನು ಕೈಗೆತ್ತಿಕೊಳ್ಳಲೆಂದು ನನ್ನ ಸೂಚನೆ. ಅಧ್ಯಾಪಕ ವರ್ಗದವರು ಮಾರ್ಗದರ್ಶನ ಮಾಡಬೇಕೆಂದು ವಿನಂತಿ.