ಸಾರಥಿಗಳಿಗೆ ಪಾಠ ಹೇಳುವವನು

ಇಪ್ಪತ್ತು ಮೂವತ್ತು ವರ್ಷ ಲಾರಿ ನಡೆಸಿ ನುರಿತವರನ್ನು ಪುನಃ ವಿದ್ಯಾರ್ಥಿಗಳನ್ನಾಗಿ ಕೂರಿಸುವ ಪದ್ಧತಿಯೊಂದು ಬ್ರಿಟನ್ನಿನಲ್ಲುಂಟು. ಐರೋಪ್ಯ ಒಕ್ಕೂಟವು 2003ರಲ್ಲಿ ಮಾಡಿದ ವಿಧಿಯಂತೆ, 2009ರ ಸೆಪ್ಟೆಂಬರಿನಿಂದ ಅಲ್ಲಿಯ ಲಾರಿ ಚಾಲಕರಿಗೆ ಐದು ವರ್ಷಕ್ಕೊಮ್ಮೆ 35 ಗಂಟೆಗಳ ಶಿಕ್ಷಣವು ಕಡ್ಡಾಯವಾಯಿತು. ಬ್ರಿಟನ್ ಒಕ್ಕೂಟವನ್ನು ಬಿಟ್ಟ ಮೇಲೂ, ಕೆಲವು ಮಾರ್ಪಾಡುಗಳೊಡನೆ, ಅದು ನಡೆದುಬಂದಿದೆ.

ಈ ಪಾಠಗಳ ಕಡೆಯಲ್ಲಿ ಪರೀಕ್ಷೆಯಿಲ್ಲ. ಪೂರ್ಣ ಹಾಜರಿಯೇ ಸಾಕು. ಪರೀಕ್ಷೆಗಳಿಂದ ಬೇಸತ್ತ ವಾಚಕರಿಗೆ ಇದು ಹಿತವಾಗಿ ತೋರಬಹುದು. ಆದರೆ ಪರೀಕ್ಷೆಯ ಭಯವಿಲ್ಲದ ತರಗತಿಯಲ್ಲಿ ಶಿಷ್ಯನು ತೂಕಡಿಸಿದರೆ ದೋಷವು ಯಾರದು? ಹೊರೆಯೆಲ್ಲ ಗುರುವಿನ ಮೇಲೆಯೇ ಬಿದ್ದಿತಷ್ಟೆ.

ಆ ವಿಧಿಯು ಬೋಧಕನಾಗತಕ್ಕವನಿಂದ ಇತ್ತೀಚಿನ ನಿಯಮಗಳ ಪರಿಚಯವನ್ನೂ ಬೋಧನಕ್ರಮದ ಜ್ಞಾನವನ್ನೂ ಅಪೇಕ್ಷಿಸುತ್ತದೆ. ಪ್ರಾಯೋಗಿಕ ಪಾಠಕ್ಕೆ ಸ್ವತಃ ವಾಹನ ನಡೆಸಿದ ಅನುಭವವೂ ಬೇಕು. ಹಳೆಯ ಚಾಲಕನೊಬ್ಬನು ಬೋಧಕನಾಗಹೊರಟರೆ ಅನುಭವಕ್ಕೇನೂ ಕೊರತೆಯಿರದು. ಕಷ್ಟವಿರುವುದು ಬೋಧನೆಯಲ್ಲಿಯೇ. ಹುಡುಗರಿಂದ ಶಬ್ದರೂಪಗಳನ್ನು ಗಿಳಿಪಾಠ ಹೇಳಿಸಿ ಆಮೇಲೆ ಪಶ್ಚಾತ್ತಾಪಪಟ್ಟ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆನು.

ನಾಲ್ಕೂವರೆ ಗಂಟೆ ಲಾರಿ ನಡೆಸಿದವನು 45 ನಿಮಿಷ ವಿಶ್ರಮಿಸಬೇಕೆಂಬುದೊಂದು ನಿಯಮ. ಅದನ್ನೇ ಓದಿ ಹೇಳಿದರೆ ಕೇಳುವವನು ಆಕಳಿಸುವನು, ಅವನಿಗದು ಬಾಯಿಪಾಠವಾಗಿರುವುದು. "ಆ ಹೊತ್ತಿಗೆ ಗಾಡಿ ನಿಲ್ಲಿಸಲು ಸ್ಥಳವೇ ದೊರೆಯದಿದ್ದಾಗ ತಾವೇನು ಮಾಡಿದಿರಿ?" ಎಂದು ಕೇಳಿದರೋ, ಒಬ್ಬೊಬ್ಬನಲ್ಲೂ ಒಂದೊಂದು ಕಥೆಯಿರುವುದು. ರಸ್ತೆಯ ಸುರಕ್ಷತೆಗೆ ಭಂಗವಿಲ್ಲದಿದ್ದರೆ ತಕ್ಕ ತಂಗುದಾಣದವರೆಗೆ ಮುಂದುವರಿಯಬಹುದೆಂದೂ, ಅಲ್ಲಿ ಮುಟ್ಟಿದೊಡನೆ ಕಾರಣವನ್ನು ದಾಖಲೆಯ ಹಾಳೆಯಲ್ಲಿ ಕೈಯಾರೆ ಬರೆದಿಡಬೇಕೆಂದೂ ಆಗ ತಿಳಿಸಿದರೆ, ಹಿಂದಿನ ಸಾಲಿನವನೂ ಲೇಖನಿಯನ್ನು ಹುಡುಕುವನು.