ಗಣಕಯಂತ್ರದೊಳಗಿನ ನಾಮಕರಣ

ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುವ ಹಿರಿಯರು ತಮ್ಮ ಔಷಧದ ಚೀಟಿಯನ್ನು ಒಮ್ಮೆ ಗಮನಿಸಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಎಂಬ ಹೆಸರುಗಳೆಲ್ಲ ಒಂದೇ ಬಗೆಯಾಗಿ ಮುಗಿಯುತ್ತವೆ. ಇದು ಆಕಸ್ಮಿಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳ ಅಂತರರಾಷ್ಟ್ರೀಯ ಹೆಸರುಗಳ ಮೊದಲ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿತು. ಅಲ್ಲಿಂದ ಬೆಳೆದುಬಂದ ಪದ್ಧತಿಯಲ್ಲಿ ಹೆಸರಿನ ಅಂತ್ಯವೇ ಔಷಧದ ಕುಲವನ್ನು ಸಾರುತ್ತದೆ. ಇಂತಹುದೇ ಶಿಸ್ತು ಗಣಕಯಂತ್ರದ ಒಳಗೂ ಅತ್ಯಗತ್ಯವಾಗಿದೆ.

ಪುಣೆಯ ಸಿ-ಡ್ಯಾಕ್ ಸಂಸ್ಥೆಯು 'ಪರಮ್ 8000' ಎಂಬ ಮಹಾಗಣಕವನ್ನು ಸಿದ್ಧಪಡಿಸಿದ್ದು 1991ರಲ್ಲಿ. ಅದೇ ವರ್ಷ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳನ್ನು, ಅಂದರೆ ಕರ್ನಲನ್ನು, ಹೊರತಂದರು. 2020ರ ನವೆಂಬರಿನಲ್ಲಿ ಜಗತ್ತಿನ ಮಹಾಗಣಕಗಳ ಪಟ್ಟಿಯಲ್ಲಿ 63ನೆಯ ಸ್ಥಾನ ಪಡೆದ ಪುಣೆಯ 'ಪರಮ್ ಸಿದ್ಧಿ' ನಡೆಯುವುದು ಈ ಲಿನಕ್ಸಿನ ಬಲದಿಂದಲೇ. ಕರ್ನಲಿಗೂ ಪ್ರತಿಯೊಂದು ಉಪಕರಣಕ್ಕೂ ನಡುವೆ ದುಭಾಷಿಯಂತೆ ನಿಲ್ಲುವುದು ಡಿವೈಸ್ ಡ್ರೈವರ್. ಉಪಕರಣವನ್ನು ಗುರುತಿಸುವುದು ಹೇಗೆ, ಬಿಡುಗಡೆ ಮಾಡುವುದು ಹೇಗೆ ಎಂಬ ವಿವರಗಳನ್ನು ಡ್ರೈವರು ಒಂದು 'ರಚನೆ'ಯಲ್ಲಿ ಅಡಕಗೊಳಿಸಿ ಕರ್ನಲಿಗೆ ಒಪ್ಪಿಸುತ್ತದೆ.

ಆ ರಚನೆಗೆ ಯಾವ ಹೆಸರಿಟ್ಟರೇನು, ಯಂತ್ರಕ್ಕೆ ಅದರ ಗೊಡವೆಯೇ ಇಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಅರ್ಧಸತ್ಯ. ಯಂತ್ರ ಹೆಸರನ್ನು ಓದದಿದ್ದರೂ ಮನುಷ್ಯ ಓದಲೇಬೇಕು. ಎಲ್ಲಿಯೋ ಯಾರೋ ಬರೆದ ಡ್ರೈವರನ್ನು ವರ್ಷಗಳ ಅನಂತರ ಹಿಂಜವಡಿಯ ಕಿರಿಯ ಎಂಜಿನಿಯರೊಬ್ಬರು ತಿದ್ದಬೇಕಾಗಬಹುದು. ಪುಣೆಯ ಕನ್ನಡಿಗರಿಗೆ ಇದರ ತೊಡಕು ಹೊಸದಲ್ಲ. ಕನ್ನಡದಲ್ಲಿ 'ರಾಗ' ಕಿವಿಗೆ ಇಂಪು. ನೆರೆಮನೆಯ ಮರಾಠಿಗರಿಗೆ 'ರಾಗ' ಬಂತೆಂದರೆ ಅದು ಸಿಟ್ಟು! ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ತಿಳಿಸುತ್ತದೆ. ಲಕ್ಷಾಂತರ ಸಾಲುಗಳ ಕ್ರಮವಿಧಿಯಲ್ಲಿ ಹೆಸರೊಂದೇ ಆಧಾರ.

ಅಪಾಯ ಇದಕ್ಕೂ ಆಳವಾದುದು. ಕರ್ನಲ್ ಆರಂಭದಲ್ಲಿ ಮಾತ್ರ ಬೇಕಾಗುವ ಕೆಲವು ಭಾಗಗಳನ್ನು, ಮದುವೆ ಮುಗಿದ ಮೇಲೆ ಚಪ್ಪರ ಕಳಚಿದಂತೆ, ಸ್ಮೃತಿಯಿಂದ ತೆಗೆದುಹಾಕುತ್ತದೆ. ಕಳಚಿದ ಚಪ್ಪರದತ್ತ ಯಾವುದಾದರೂ ರಚನೆ ಇನ್ನೂ ಬೆರಳು ತೋರುತ್ತಿದ್ದರೆ ಇಡೀ ವ್ಯವಸ್ಥೆ ಕುಸಿದೀತು. ಇದನ್ನು ಮೊದಲೇ ಪತ್ತೆಹಚ್ಚುವ ಪರೀಕ್ಷಕ ಸಾಧನವೊಂದು ಲಿನಕ್ಸಿನಲ್ಲಿದೆ. ಆದರೆ 'ಡ್ರೈವರ್', 'ಆಪ್ಸ್', 'ಪ್ರೋಬ್' ಮುಂತಾದ ಅಂತ್ಯಗಳುಳ್ಳ ಹೆಸರುಗಳಿಗೆ, ಆ ಕುಲದಲ್ಲಿ ಅಂತಹ ಉಲ್ಲೇಖ ನಿರ್ದೋಷವಾಗಿರಬಹುದೆಂಬ ನಂಬಿಕೆಯಿಂದ, ಅದು ಬಹುಕಾಲ ವಿನಾಯಿತಿ ನೀಡಿತ್ತು. ಅಂತಹ ಹೆಸರನ್ನು ಅದಕ್ಕೆ ಸಲ್ಲದ ರಚನೆಗೆ ಇಟ್ಟರೆ ದೋಷವು ಸದ್ದಿಲ್ಲದೆ ನುಸುಳುತ್ತದೆ. ತಪ್ಪು ಚೀಟಿ ಅಂಟಿಸಿದ ಸೀಸೆಯ ಕಥೆಯೇ ಇದು.

ಹಾಗೆಂದು ಹೆಸರು ಉದ್ದವಾದಷ್ಟೂ ಒಳ್ಳೆಯದೆಂದಲ್ಲ. ನಾಲ್ಕು ಸಾಲಿನೊಳಗೆ ಹುಟ್ಟಿ ಅಳಿಯುವ ಎಣಿಕೆಗೆ ಒಂದಕ್ಷರವೇ ಸಾಕು. ಎಲ್ಲೆಡೆ ಕಾಣುವ ಹೆಸರು ಮಾತ್ರ ವಿವರಣಾತ್ಮಕವಾಗಿರಲಿ ಎಂದು ಲಿನಕ್ಸಿನ ಬರವಣಿಗೆಯ ನಿಯಮವೂ ವಿಧಿಸುತ್ತದೆ. ಡ್ರೈವರಿನ ರಚನೆಯ ಹೆಸರಿನಲ್ಲಿ ಎರಡು ಅಂಶಗಳು ಸ್ಪಷ್ಟವಾಗಿರಬೇಕು: ಯಾವ ಉಪಕರಣ, ಯಾವ ಪಾತ್ರ. ಬರಿಯ 'ಡೇಟಾ', 'ಇನ್ಫೋ' ಎಂಬ ಹೆಸರುಗಳು ಏನನ್ನೂ ಹೇಳವು.

ಇಂದು ಪುಣೆಯಲ್ಲಿ ಕ್ರಮವಿಧಿ ಬರೆಯುವ ಕನ್ನಡದ ಮಕ್ಕಳು ಅನೇಕರಿದ್ದಾರೆ. ಮಗುವಿನ ಹೆಸರಿಗಾಗಿ ವಾರಗಟ್ಟಲೆ ಯೋಚಿಸುವ ಮನೆಗಳಿಂದ ಬಂದ ಅವರು, ಮುಂದೆ ಅಪರಿಚಿತರೂ ಓದಲಿರುವ ರಚನೆಯ ಹೆಸರಿಗಾಗಿ ಐದು ನಿಮಿಷ ಮೀಸಲಿಡುವುದು ಹೆಚ್ಚಿನ ಹೊರೆಯಾಗಲಾರದು.