ರುಚಿಗೂ ಒಂದು ಕನ್ನಡ ಬೇಕು

ಬೆಂಗಳೂರಿನ ಇಂದಿರಾನಗರದ ಅಂಗಡಿಯೊಂದರಲ್ಲಿ ಮೊನ್ನೆ ಕೊಂಡ ಕಾಫಿಬೀಜದ ಪೊಟ್ಟಣದ ಮೇಲೆ, ಒಳಗಿರುವುದು ಚಿಕ್ಕಮಗಳೂರು ಸೀಮೆಯ ಒಂದೇ ತೋಟದ ಅರೇಬಿಕಾ ಎಂದೂ, ಸಾವಯವ ಕ್ರಮದಲ್ಲಿ ಬೆಳೆದು ನಸುಹುರಿದುದೆಂದೂ, ತೋಟದ ಎತ್ತರ, ಹುರಿದ ದಿನಾಂಕಗಳ ಸಮೇತ ನಮೂದಿಸಿದ್ದರು. ಆದರೆ ರುಚಿಯನ್ನು ವರ್ಣಿಸುವಲ್ಲಿ ಮಾತ್ರ ಬ್ಲೂಬೆರಿ, ಪೀಚ್ ಎಂದು, ನಮ್ಮಲ್ಲಿ ಬಹುಮಂದಿಯ ನಾಲಗೆ ಅರಿಯದ ಹಣ್ಣುಗಳ ಹೆಸರುಗಳಿದ್ದುವೇ ಹೊರತು ಕನ್ನಡದ ಒಂದಕ್ಷರವೂ ಇರಲಿಲ್ಲ. ಬಾಬಾಬುಡನ್ ಏಳು ಬೀಜಗಳನ್ನು ತಂದರೆಂಬ ಐತಿಹ್ಯವುಳ್ಳ ಗಿರಿಯು ಯಾವ ನಾಡಿನಲ್ಲಿದೆಯೋ, ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಯಾವ ನಾಡು ಬೆಳೆಯುತ್ತದೆಯೋ, ಆ ನಾಡಿನ ಭಾಷೆಯು ತನ್ನದೇ ಬೆಳೆಯ ರುಚಿಯ ಮುಂದೆ ಮೂಕವಾಗಿ ನಿಲ್ಲುವುದು ವ್ಯಥೆಯ ಸಂಗತಿ.

ಇದಕ್ಕೆ ಕಾರಣವಿಲ್ಲದಿಲ್ಲ. ಕಪ್ಪಗೆ ಹುರಿದು, ಚಿಕೋರಿ ಬೆರೆಸಿ, ಹಾಲು ಸಕ್ಕರೆಗಳೊಡನೆ ಕುಡಿಯುವ ನಮ್ಮ ಪ್ರೀತಿಯ ಫಿಲ್ಟರ್ ಕಾಫಿಯಲ್ಲಿ ಹುರಿತದ ಘಮವೇ ಪ್ರಧಾನವಾಗಿ, ತೋಟತೋಟಗಳ ಭೇದವು ಮರೆಯಾಗುವುದರಿಂದ, ‘ಸ್ಟ್ರಾಂಗು’, ‘ಲೈಟು’ ಎಂಬ ಎರಡು ಮಾತುಗಳೇ ಇದುವರೆಗೆ ಸಾಕಾಗಿದ್ದುವು. ನಸುಹುರಿದ ಬೀಜವಾದರೋ, ಮೊದಲ ಸಲ ಚಟಚಟನೆ ಸಿಡಿದ ಸ್ವಲ್ಪ ಹೊತ್ತಿಗೇ ಉರಿಯಿಂದ ಇಳಿಯುವುದರಿಂದ, ಅದರ ಸಹಜವಾದ ಆಮ್ಲಗಳೂ ಸುಗಂಧಗಳೂ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.

ಆ ಬೀಜವನ್ನು ತರಿತರಿಯಾಗಿ ಪುಡಿಮಾಡಿ, 15 ಗ್ರಾಂ ಪುಡಿಯನ್ನು ಫಿಲ್ಟರ್ ಕಾಗದದಲ್ಲಿಟ್ಟು, ಕುದಿದು ಅರೆನಿಮಿಷ ತಣಿದ ನೀರನ್ನು ಮೊದಲು ನೆನೆಯುವಷ್ಟೇ ಹೊಯ್ದೆ. ಹುರಿಯುವಾಗ ಒಳಗೆ ಸೆರೆಯಾಗಿದ್ದ ಅನಿಲವು ಹೊರಬೀಳುತ್ತ ಪುಡಿಯು ಗುಮ್ಮಟದಂತೆ ಉಬ್ಬಿತು. ಬಳಿಕ ಸಣ್ಣಧಾರೆಯಲ್ಲಿ ಒಟ್ಟು 240 ಮಿಲಿಲೀಟರಿನಷ್ಟು ನೀರು ಹೊಯ್ದು, ಮೂರು ನಿಮಿಷಕ್ಕೆ ಇಳಿದ ತೆಳುವಾದ ಡಿಕಾಕ್ಷನ್ನನ್ನು ಹಾಲಿಲ್ಲದೆ ಗುಟುಕರಿಸಿದಾಗ, ಬಿಸಿಯಲ್ಲಿ ಬರಿಯ ಹುಳಿಯೆನಿಸಿದ್ದು, ಲೋಟವು ಬೆಚ್ಚಗಾಗುವಷ್ಟರಲ್ಲಿ ಕೊಡಗಿನ ಕಿತ್ತಳೆಯ ತೊಳೆಯಾಗಿ, ಇನ್ನಷ್ಟು ಆರಿದ ಮೇಲೆ ಜೋನಿಬೆಲ್ಲವಾಗಿ, ಕಟ್ಟಕಡೆಗೆ ನೇರಳೆ ತಿಂದ ನಾಲಗೆಯ ಒಗರಾಗಿ ನಿಂತಿತು. ಈ ಮಾತುಗಳಿಗಾಗಿ ನಾನು ದೂರ ಹೋಗಬೇಕಾಗಲಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣುಕೊಂಡವರಿಗೆಲ್ಲ ಅವು ಪರಿಚಿತವೇ.

ರುಚಿಗೆ ಕನ್ನಡದ ಮಾತು ಬೇಕೆಂಬುದು ಕೇವಲ ಭಾಷಾಭಿಮಾನವಲ್ಲ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದ ಬೀಜವು ತೊಟ್ಟಿಯಲ್ಲಿ ಹೊತ್ತುಮೀರಿ ಹುದುಗಿದರೆ ಲೋಟದಲ್ಲಿ ಹಳಸಿದ ನಾತವೂ, ಕಣದಲ್ಲಿ ಸರಿಯಾಗಿ ಒಣಗದಿದ್ದರೆ ಮುಗ್ಗುವಾಸನೆಯೂ ತಲೆದೋರುತ್ತವೆ. ಹಣ್ಣಿನ ಹುಳಿಗೂ ಹಳಸಿದ ಹುಳಿಗೂ ಇರುವ ಅಂತರವನ್ನು ಬೆಂಗಳೂರಿನಲ್ಲಿ ಕುಡಿಯುವವನು ಕನ್ನಡದಲ್ಲಿ ಹೇಳಬಲ್ಲನಾದರೆ, ಕೊಪ್ಪದ ಸಣ್ಣ ಬೆಳೆಗಾರನು ಅದನ್ನು ಕೇಳಿ ಮುಂದಿನ ಕೊಯ್ಲಿನಲ್ಲಿ ತಿದ್ದಿಕೊಳ್ಳಬಲ್ಲನು. ಇಳುವರಿಯ ಆಸೆಯನ್ನು ಬಿಟ್ಟು ಸಾವಯವಕ್ಕೆ ಒಲಿದವನಿಗಂತೂ ಗುಣವೊಂದೇ ಬಂಡವಾಳವಾದುದರಿಂದ, ಆ ಗುಣವನ್ನು ಹೆಸರಿಸುವ ಮಾತು ಅವನ ಬಾಯಲ್ಲೂ ಇರಬೇಕು.

ಆದುದರಿಂದ, ನಮ್ಮ ನಗರದಲ್ಲೇ ಕೇಂದ್ರಕಚೇರಿಯನ್ನು ಹೊಂದಿ, ‘ಕಾಪಿ ಶಾಸ್ತ್ರ’ವೆಂಬ ಚೆಂದದ ಹೆಸರಿನಲ್ಲಿ ತರಬೇತಿ ನೀಡುವ ಕಾಫಿ ಮಂಡಳಿಯು ಕನ್ನಡದ ರುಚಿಕೋಶವೊಂದನ್ನು ರೂಪಿಸಲಿ, ಅಂಗಡಿಗಳು ಅದನ್ನು ಪೊಟ್ಟಣದ ಮೇಲೆ ಅಚ್ಚುಹಾಕಿಸಲಿ. ಅಲ್ಲಿಯವರೆಗೆ, ನನ್ನ ಅಡುಗೆಮನೆಯ ಪೊಟ್ಟಣದ ಮೇಲೆ ಕಿತ್ತಳೆ, ಜೋನಿಬೆಲ್ಲ, ನೇರಳೆ ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.